ತನ್ನ ಕೃತಿಗೆ ತಾನೇ ಟೀಕಾಕಾರ

ಕವಿ ತನ್ನ ಕವಿತೆಯ ಅರ್ಥವನ್ನು ತಾನೇ ಹೇಳಬೇಕೆ? ಹೇಳಿದರೆ ಓದುಗನು ಅದನ್ನು ಒಪ್ಪಲೇಬೇಕೆ? ಇವೆರಡೂ ಹಳೆಯ ಪ್ರಶ್ನೆಗಳು. ಆದರೆ ಅವು ಇಂದು ನಮ್ಮೆದುರು ಬಂದು ನಿಂತಿರುವ ರೀತಿ ಮಾತ್ರ ಹೊಸದು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳಂಥ ಊರುಗಳಲ್ಲಿಯೂ ಈಗ ಪುಸ್ತಕ ಬಿಡುಗಡೆಯೆಂದರೆ ಲೇಖಕರ ‘ಮನದಾಳದ ಮಾತು’ ಇರಲೇಬೇಕು. ಕಿತ್ತೂರ ಉತ್ಸವದ ಕವಿಗೋಷ್ಠಿಯಂಥ ವೇದಿಕೆಗಳಲ್ಲಿ ಎರಡು ನಿಮಿಷದ ಕವಿತೆಗೆ ಐದು ನಿಮಿಷದ ಪೀಠಿಕೆ ಬರುವುದುಂಟು. 2013ರಲ್ಲಿ ಆರಂಭವಾದ ಧಾರವಾಡದ ಸಾಹಿತ್ಯ ಸಂಭ್ರಮದಿಂದೀಚೆಗೆ, ಲೇಖಕನನ್ನು ಕೂಡ್ರಿಸಿಕೊಂಡು ಅವನ ಕೃತಿಯ ಬಗೆಗೆ ಅವನನ್ನೇ ಕೇಳುವ ‘ಸಂವಾದ’ವೆಂಬುದು ನಮ್ಮ ಕಡೆಯ ಸಾಹಿತ್ಯ ಜೀವನದ ಒಂದು ರೂಢಿಯೇ ಆಗಿಬಿಟ್ಟಿದೆ. ಇದರಲ್ಲಿ ತಪ್ಪೇನೂ ಇಲ್ಲ. ಬರೆದವನನ್ನು ಕಣ್ಣಾರೆ ಕಂಡು ಅವನ ದನಿಯನ್ನು ಕೇಳಬೇಕೆಂಬ ಆಸೆ ಸಹಜವಾದದ್ದೇ. ಆದರೆ ಅವನ ದನಿ ಕೇಳಿದ ಮೇಲೆ ಕೃತಿಯ ದನಿಯನ್ನು ಕೇಳುವ ತಾಳ್ಮೆ ನಮ್ಮಲ್ಲಿ ಎಷ್ಟು ಉಳಿಯುತ್ತದೆ ಎಂಬುದು ವಿಚಾರ ಮಾಡತಕ್ಕ ಮಾತು.

ಸಾಕ್ರೆಟಿಸನು ಈ ಪರೀಕ್ಷೆಯನ್ನು ಬಹಳ ಹಿಂದೆಯೇ ಮಾಡಿದನೆಂದು ಪ್ಲೇಟೊ ಬರೆದಿದ್ದಾನೆ. ತನಗಿಂತ ತಿಳಿದವರಾರೆಂದು ಹುಡುಕುತ್ತ ಹೊರಟ ಅವನು ಕವಿಗಳ ಬಳಿಗೂ ಹೋದನಂತೆ. ಅವರವೇ ಕವಿತೆಗಳನ್ನು ಮುಂದಿಟ್ಟು, ಇದರ ತಾತ್ಪರ್ಯವೇನೆಂದು ಕೇಳಿದನಂತೆ. ಅಲ್ಲಿ ಸುತ್ತ ನಿಂತಿದ್ದವರು ಹೇಳಿದಷ್ಟು ಚೆನ್ನಾಗಿ ಕೂಡ ಬರೆದವರಿಗೆ ಹೇಳಲಾಗಲಿಲ್ಲ. ಕವಿಗಳು ಬರೆಯುವುದು ತಿಳಿವಳಿಕೆಯಿಂದಲ್ಲ, ಯಾವುದೋ ಆವೇಶದಿಂದ ಎಂದು ಅವನು ತೀರ್ಮಾನಿಸಿದನು. ತೀರ್ಮಾನ ಸ್ವಲ್ಪ ಕಟುವಾಯಿತು. ನಮ್ಮ ಆಲಂಕಾರಿಕರು ಇದೇ ವಿಷಯವನ್ನು ಹೆಚ್ಚು ಸಮಾಧಾನದಿಂದ ನೋಡಿದ್ದಾರೆ. ರಾಜಶೇಖರನು ‘ಕಾವ್ಯಮೀಮಾಂಸೆ’ಯಲ್ಲಿ ಪ್ರತಿಭೆಯನ್ನು ಎರಡಾಗಿ ವಿಂಗಡಿಸಿದನು: ಕಾವ್ಯವನ್ನು ಮಾಡುವ ಕಾರಯಿತ್ರೀ ಪ್ರತಿಭೆ ಒಂದು, ಅದನ್ನು ಮನಸ್ಸಿಗೆ ತಂದುಕೊಳ್ಳುವ ಭಾವಯಿತ್ರೀ ಪ್ರತಿಭೆ ಮತ್ತೊಂದು. ಎರಡೂ ಒಬ್ಬನಲ್ಲಿಯೇ ಇರಬಾರದೆಂದಿಲ್ಲ. ಆದರೆ ಒಂದು ಇದ್ದ ಮಾತ್ರಕ್ಕೆ ಇನ್ನೊಂದು ಇರಲೇಬೇಕೆಂಬ ನಿಯಮವೂ ಇಲ್ಲ. ಚಿನ್ನವನ್ನು ಕೊಡುವ ಕಲ್ಲು ಬೇರೆ, ಒರೆಹಚ್ಚುವ ಕಲ್ಲು ಬೇರೆ.

ಇದು ಶಾಸ್ತ್ರದ ಮಾತಾಯಿತು. ಈ ಪ್ರಶ್ನೆಯನ್ನು ನಮ್ಮ ನೆಲದ ಮೇಲೆಯೇ ಇಟ್ಟು ನೋಡಬೇಕೆಂದರೆ ಮೊದಲು ಬಯಲಾಟದ ಅಟ್ಟದ ಮುಂದೆ ಕುಳಿತುಕೊಳ್ಳಬೇಕು.

ದೊಡ್ಡಾಟದಲ್ಲಿ ವೇಷಧಾರಿ ರಂಗಕ್ಕೆ ಬಂದೊಡನೆ ಕಥೆ ಮುಂದೆ ಸಾಗುವುದಿಲ್ಲ. ಸಾರಥಿ ಅವನನ್ನು ತಡೆದು ನಿಲ್ಲಿಸುತ್ತಾನೆ. ನೀವು ಯಾರು, ನಿಮ್ಮ ನಾಮಾಂಕಿತವೇನು, ಈ ಸಭೆಗೆ ಬಂದ ಕಾರಣವೇನು ಎಂದು ಕೇಳುತ್ತಾನೆ. ಬಂದವನು ತನ್ನ ಹೆಸರು, ಹಿರಿಮೆ, ಉದ್ದೇಶಗಳನ್ನು ತಾನೇ ಸಾರಿ ಹೇಳುತ್ತಾನೆ. ಹಾಡು ಮುಗಿದ ಮೇಲೆ ಅದರ ಸಾರವನ್ನು ಮಾತಿನಲ್ಲಿ ಬಿಚ್ಚಿ ಹೇಳುವುದೂ ಉಂಟು. ಕರಾವಳಿಯ ತಾಳಮದ್ದಲೆಯಲ್ಲಿ ಇದೇ ಒಂದು ಪೂರ್ಣ ಕಲೆಯಾಗಿ ಬೆಳೆಯಿತು. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತನು ಹಾಡಿದ ಪದಕ್ಕೆ ಅರ್ಥಧಾರಿಯು ಕುಳಿತಲ್ಲಿಯೇ ಅರ್ಥ ಹೇಳುತ್ತಾನೆ. ಕಾಸರಗೋಡು ಸೀಮೆಯ ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ಈ ಕಲೆಯಲ್ಲಿ ಪಡೆದ ಹೆಸರು ಯಾರಿಗೆ ತಿಳಿಯದು? ಪದ ಒಂದೇ, ಅರ್ಥ ಮಾತ್ರ ಇಂದು ಹೇಳಿದಂತೆ ನಾಳೆ ಇರುವುದಿಲ್ಲ. ಎದುರಿಗೆ ಕುಳಿತ ಅರ್ಥಧಾರಿ ಬದಲಾದರೆ ಈ ಅರ್ಥವೂ ಬದಲಾಗುತ್ತದೆ. ನಮ್ಮ ಕಡೆಯ ಹರದೇಶಿ–ನಾಗೇಶಿ ಹಾಡಿಕೆಯಲ್ಲಿಯೂ ಹೀಗೆಯೇ. ಒಂದು ಮೇಳ ಗಂಡು ಹೆಚ್ಚೆಂದು ಹಾಡಿದರೆ ಇನ್ನೊಂದು ಹೆಣ್ಣು ಹೆಚ್ಚೆಂದು ಹಾಡುತ್ತದೆ. ಸವಾಲು ಎಸೆದವರಿಗೆ ಜವಾಬು ಕೊಡಲೇಬೇಕು. ಬೆಳತನಕ ವಾದ ನಡೆದರೂ ತೀರ್ಪು ಕೇಳುವವರ ಮೇಲೆಯೇ ಉಳಿಯುತ್ತದೆ.

ಇಲ್ಲಿ ಗಮನಿಸಬೇಕಾದದ್ದು ಎರಡು ಸಂಗತಿ. ಮೊದಲನೆಯದು, ಈ ಕಲೆಗಳಲ್ಲಿ ವಿವರಣೆ ಕಲೆಯ ಹೊರಗೆ ಅಂಟಿಸಿದ ಚೀಟಿಯಲ್ಲ. ಅದೂ ಆಟದ ಒಂದು ಅಂಗ. ಎರಡನೆಯದು, ಪ್ರಶ್ನೆ ಮೊದಲು ಬರುತ್ತದೆ, ಉತ್ತರ ಆಮೇಲೆ. ಸಾರಥಿ ಕೇಳದೆ ರಾಜನೂ ಬಾಯಿ ತೆರೆಯುವುದಿಲ್ಲ. ಸಾರಥಿಯಾದರೂ ಯಾರು? ಸಭೆಯ ಪರವಾಗಿ ನಿಂತವನು. ಅಂದರೆ ಕೇಳುವವರ ಕುತೂಹಲದಿಂದ ಹುಟ್ಟಿದ ವಿವರಣೆಗೆ ನಮ್ಮ ಜನಪದ ರಂಗಭೂಮಿ ಮೊದಲಿನಿಂದಲೂ ಗೌರವದ ಸ್ಥಾನ ಕೊಟ್ಟಿದೆ. ಯಾರೂ ಕೇಳದಿದ್ದಾಗ ಕೊಡುವ ವಿವರಣೆಯ ಮಾತು ಬೇರೆ.

ಇನ್ನು ಕಲಾವಿದನು ಹೇಳುವ ಉದ್ದೇಶಕ್ಕೂ ಕೃತಿಯು ಮಾಡುವ ಪರಿಣಾಮಕ್ಕೂ ಇರುವ ಅಂತರವನ್ನು ನೋಡಬೇಕು. ಇದಕ್ಕೆ ಬೈಲಹೊಂಗಲದ ‘ಸಂಗ್ಯಾ ಬಾಳ್ಯಾ’ಕ್ಕಿಂತ ಹತ್ತಿರದ ಉದಾಹರಣೆ ಬೇಕಿಲ್ಲ. ಈ ಊರಿನಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ನಿಜವಾಗಿ ನಡೆದ ಒಂದು ಕೊಲೆಯ ಸುತ್ತ ಹೆಣೆದ ಸಣ್ಣಾಟವಿದು. ಬೈಲಹೊಂಗಲದವರೇ ಆದ ಪತ್ತಾರ ಮಾಸ್ತರರು ಕಟ್ಟಿದ್ದೆಂದು ಹೇಳಿಕೆ. ಘೋಡಗೇರಿಯ ಚಂದ್ರಶೇಖರ ಕಂಬಾರರು ಇದನ್ನು ಸಂಪಾದಿಸಿ ಓದುವ ಜನರ ಕೈಗೂ ಕೊಟ್ಟರು. ಶ್ರೀಮಂತ ಸಂಗ್ಯಾ ಪರರ ಹೆಂಡತಿಯಾದ ಗಂಗಿಯನ್ನು ಬಯಸುತ್ತಾನೆ. ಅವಳೂ ಕೊನೆಗೆ ಅವನಿಗೆ ಒಲಿಯುತ್ತಾಳೆ. ವಿಷಯ ಗಂಡನಿಗೆ ತಿಳಿಯುತ್ತದೆ. ಜೀವದ ಗೆಳೆಯನಾದ ಬಾಳ್ಯಾನೇ ಸಂಗ್ಯಾನನ್ನು ಕೊಲೆಗಾರರ ಕೈಗೆ ಒಪ್ಪಿಸುತ್ತಾನೆ. ಆಟವು ತನ್ನ ಬಾಯಿಂದ ಹೇಳುವ ನೀತಿ ಸ್ಪಷ್ಟವಾಗಿದೆ: ಪರಹೆಣ್ಣಿನ ಸಂಗ ಕೇಡು. ಆದರೆ ಆ ನೀತಿಯನ್ನು ಕೇಳಲೆಂದು ಯಾರಾದರೂ ರಾತ್ರಿಯಿಡೀ ನಿದ್ದೆಗೆಡುತ್ತಾರೆಯೆ? ಜನ ಕಣ್ಣೀರು ಹಾಕುವುದು ಸಂಗ್ಯಾನಿಗಾಗಿ. ಜನ ಶಪಿಸುವುದು ಬಾಳ್ಯಾನನ್ನು. ಅಪರಾಧಿ ಯಾರೆಂಬ ಪ್ರಶ್ನೆಗೆ ಆಟದ ನೀತಿ ಒಂದು ಉತ್ತರ ಕೊಟ್ಟರೆ ಆಟದ ಹಾಡುಗಳು ಇನ್ನೊಂದು ಉತ್ತರ ಕೊಡುತ್ತವೆ. ಮಾಸ್ತರರನ್ನು ಎಬ್ಬಿಸಿ ಕೇಳಿದ್ದರೆ ಅವರು ಬಹುಶಃ ನೀತಿಯನ್ನೇ ಮುಂದೆ ಮಾಡುತ್ತಿದ್ದರು. ಆದರೆ ಅವರ ಕೈ ಅವರ ಬಾಯಿಗಿಂತ ಹೆಚ್ಚು ಬಲ್ಲದ್ದಾಗಿತ್ತು.

ಇದೇ ಸಂಗ್ಯಾನ ಮೇಲೆ ಜನ ಕಟ್ಟಿದ ಲಾವಣಿಯೂ ಇತ್ತು. ಬ್ರಿಟಿಷ್ ಅಧಿಕಾರಿಯೂ ಶಾಸನತಜ್ಞನೂ ಆಗಿದ್ದ ಜೆ. ಎಫ್. ಫ್ಲೀಟನು ಈ ಸೀಮೆಯ ಲಾವಣಿಗಳನ್ನು ಸಂಗ್ರಹಿಸಿ 1880ರ ದಶಕದಲ್ಲಿ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಅಚ್ಚು ಹಾಕಿಸಿದಾಗ, ಸಂಗೊಳ್ಳಿ ರಾಯಣ್ಣನ ಲಾವಣಿಯ ಜತೆಗೆ ಇದನ್ನೂ ಸೇರಿಸಿದನು. ಇಂಗ್ಲಿಷಿನಲ್ಲಿ ಅವನು ಅದಕ್ಕೆ ಕೊಟ್ಟ ತಲೆಬರಹ ‘ಸಂಗ್ಯಾನ ಅಪರಾಧ ಮತ್ತು ಮರಣ’ ಎಂಬ ಅರ್ಥದ್ದು. ತಲೆಬರಹವೂ ಒಂದು ವ್ಯಾಖ್ಯಾನವೇ ಅಲ್ಲವೆ? ಕೊಲೆಯಾದವನ ಹೆಸರಿನ ಮುಂದೆಯೇ ಅಪರಾಧವನ್ನು ನಿಲ್ಲಿಸಿದ ಆ ಕಣ್ಣು ಕಚೇರಿಯ ಕಣ್ಣು. ಆ ಸಂಗ್ರಹವನ್ನು ಉಳಿಸಿಕೊಟ್ಟದ್ದಕ್ಕೆ ನಾವು ಫ್ಲೀಟನಿಗೆ ಋಣಿಗಳು. ಆ ತಲೆಬರಹಕ್ಕೆ ಋಣಿಗಳಾಗಬೇಕಿಲ್ಲ. 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದ ರಾಯಣ್ಣನು ಸರಕಾರದ ಕಡತದಲ್ಲಿ ದಂಗೆಕೋರ, ಹಾಡಿನಲ್ಲಿ ವೀರ. ಹಾಡಿದವನು ತನ್ನ ಮಾತನ್ನು ಹೇಳದೆ ಹೋದಾಗ ಅವನ ಹಾಡಿಗೆ ಹೆಸರಿಡುವವರು ಬೇರೆಯವರು. ಆದ್ದರಿಂದ ಕಲಾವಿದನು ಬಾಯಿ ಮುಚ್ಚಿಕೊಂಡಿರುವುದೇ ಲೇಸೆಂದು ಸಾರಾಸಗಟಾಗಿ ಹೇಳಿಬಿಡುವುದು ಸುಲಭವಲ್ಲ.

ಈ ತೊಡಕನ್ನು ಅದರ ಎಲ್ಲ ಮುಖಗಳಲ್ಲಿ ಕಾಣಬೇಕಾದರೆ ಧಾರವಾಡದ ಕಡೆಗೆ ತಿರುಗಬೇಕು. ಕನ್ನಡದಲ್ಲಿ ತನ್ನ ಕಾವ್ಯವನ್ನು ತಾನೇ ಹೇಳಿ, ಹಾಡಿ, ಬಿಡಿಸಿ ತೋರಿಸಿದ ಕವಿಗಳಲ್ಲಿ ದತ್ತಾತ್ರೇಯ ರಾಮಚಂದ್ರ ಬೇಂದ್ರೆಯವರನ್ನು (1896–1981) ಮೀರಿಸಿದವರಿಲ್ಲ. ಅವರ ಭಾಷಣಕ್ಕೆ ಸೇರುತ್ತಿದ್ದ ಜನ, ಅವರ ಕೈಬೀಸು, ಒಂದು ಶಬ್ದವನ್ನು ಹಿಡಿದು ಅದರಿಂದ ಇನ್ನೊಂದಕ್ಕೆ ಜಿಗಿಯುವ ಆ ಚಮತ್ಕಾರ, ಇವೆಲ್ಲ ನಮ್ಮ ಕಡೆ ಈಗಲೂ ಹಿರಿಯರ ಬಾಯಲ್ಲಿವೆ. ತಮ್ಮ ಕವಿತೆಯ ಮೇಲೆ ಅವರು ಮಾತನಾಡತೊಡಗಿದರೆ ಆ ಮಾತೇ ಇನ್ನೊಂದು ಕವಿತೆಯಾಗುತ್ತಿತ್ತೆಂದು ಕೇಳಿದವರು ಹೇಳುತ್ತಾರೆ. ಅದನ್ನು ನಂಬದಿರಲು ಕಾರಣವಿಲ್ಲ. ಆದರೆ ನಮ್ಮ ಪ್ರಶ್ನೆ ಇರುವುದೂ ಅಲ್ಲಿಯೇ. ಒಂದು ಕವಿತೆಯ ವಿವರಣೆ ಇನ್ನೊಂದು ಕವಿತೆಯಾದರೆ ಅದಕ್ಕೆ ಅರ್ಥ ಹೇಳುವವರಾರು?

ಬೇಂದ್ರೆಯವರು ಈ ತೊಡಕನ್ನು ಅರಿಯದವರಲ್ಲ. ಅವರು ಕಾವ್ಯಕ್ಕೆ ಇಟ್ಟುಕೊಂಡ ಹೆಸರು ಅಂಬಿಕಾತನಯದತ್ತ. ಅಂಬಿಕೆಯ ಮಗನಾದ ದತ್ತ. ಇದು ಬರಿಯ ಕಾವ್ಯನಾಮವೆಂದು ಅವರು ತಿಳಿಯಲಿಲ್ಲ. ಒಳಗಿನಿಂದ ನುಡಿಯುವವನು ಅಂಬಿಕಾತನಯದತ್ತ, ಅದನ್ನು ಕನ್ನಡದಲ್ಲಿ ಲೋಕದ ಮುಂದಿಡುವವನು ಬೇಂದ್ರೆ ಎಂಬ ಭೇದವನ್ನು ಅವರೇ ಮಾಡಿದ್ದರು. ಈ ಮಾತನ್ನು ನಾವು ವಿನೋದವೆಂದು ತಳ್ಳಿಹಾಕದೆ ಅಕ್ಷರಶಃ ತೆಗೆದುಕೊಳ್ಳೋಣ. ಆಗ ವೇದಿಕೆಯ ಮೇಲೆ ನಿಂತು ಅರ್ಥ ಹೇಳುತ್ತಿದ್ದವರು ಬೇಂದ್ರೆ, ಬರೆದವನು ಅಂಬಿಕಾತನಯದತ್ತ. ಹಾಗಾದರೆ ಬೇಂದ್ರೆಯವರೂ ಆ ಕವಿತೆಗಳ ಒಬ್ಬ ಓದುಗರೇ ಆದರು. ಓದುಗರಲ್ಲಿ ಮೊದಲನೆಯವರು, ಮಿಗಿಲಾದವರು, ಒಳಮನೆಯ ಪರಿಚಯವುಳ್ಳವರು, ಎಲ್ಲವೂ ನಿಜ, ಆದರೂ ಓದುಗರು. ಕವಿಯೇ ಕೊಟ್ಟ ಈ ಸೂತ್ರವನ್ನು ಅವರ ಭಕ್ತರು ಮರೆತರೆಂಬುದೇ ಆಶ್ಚರ್ಯ.

ಮರೆತುದರ ಫಲವೂ ಕಣ್ಣಮುಂದಿದೆ. ‘ನಾಕುತಂತಿ’ 1964ರಲ್ಲಿ ಬಂತು. 1973ರ ಜ್ಞಾನಪೀಠ ಪ್ರಶಸ್ತಿ ಅದರ ಹೆಸರಿನಲ್ಲಿಯೇ ಕನ್ನಡಕ್ಕೆ ದೊರೆಯಿತು. ನಾನು, ನೀನು ಮೊದಲಾದ ನಾಲ್ಕು ಪದಗಳನ್ನು ನಾಲ್ಕು ತಂತಿಗಳಾಗಿ ಮೀಟಿದ ಆ ಶೀರ್ಷಿಕೆಯ ಕವಿತೆ ಕಠಿಣವೆಂದು ಹೆಸರಾಯಿತು. ಕೊನೆಕೊನೆಗೆ ಬೇಂದ್ರೆಯವರ ಮನಸ್ಸು ಸಂಖ್ಯೆಗಳಲ್ಲಿ ನೆಟ್ಟಿತು. 441ರಂಥ ಒಂದು ಸಂಖ್ಯೆಯಲ್ಲಿ ಅವರು ಸೃಷ್ಟಿಯ ಲಯವನ್ನೇ ಕಂಡರು. ಅದು ಅವರ ಸಾಧನೆಯ ಒಂದು ಹಾದಿ. ಅದರ ಬಗ್ಗೆ ಹಗುರಾಗಿ ಮಾತನಾಡುವುದು ಸಲ್ಲದು. ಆದರೆ ಸಂಖ್ಯೆಯ ಕೀಲಿಕೈ ಇಲ್ಲದೆ ಬೇಂದ್ರೆಯವರ ಕಾವ್ಯ ತೆರೆಯದೆಂಬ ಭಾವನೆ ಕೆಲವರಲ್ಲಿ ಬೇರೂರಿದೆ. ಅದರಿಂದ ಸಾಮಾನ್ಯ ಓದುಗನಿಗೆ ಹಾನಿಯಾಗಿದೆ. ಈ ಗಣಿತ ಯಾವುದೂ ತಿಳಿಯದೆ ಬೇಂದ್ರೆಯವರ ಹಾಡುಗಳನ್ನು ಹಂತಿ ಹೊಡೆಯುವ ಕಣದ ದನಿಯಂತೆ, ಜೋಗುಳದ ದನಿಯಂತೆ ಕೇಳಿ ಕಣ್ಣು ಒದ್ದೆ ಮಾಡಿಕೊಂಡ ಜನ ನಮ್ಮ ಹಳ್ಳಿಗಳಲ್ಲಿ ಎಷ್ಟು ಮಂದಿ! ಅವರಿಗೆ ಕವಿತೆ ತಲುಪಲಿಲ್ಲವೆಂದು ಯಾರು ಹೇಳಬಲ್ಲರು? ಕೀರ್ತಿನಾಥ ಕುರ್ತಕೋಟಿಯವರೂ, ‘ಭುವನದ ಭಾಗ್ಯ’ವನ್ನು ಬರೆದ ಜಿ. ಎಸ್. ಆಮೂರರೂ ಬೇಂದ್ರೆಯವರ ಮಾತನ್ನು ಆದರದಿಂದ ಕೇಳಿದವರೇ. ಆದರೆ ಕೇಳಿ ಅಲ್ಲಿಯೇ ನಿಲ್ಲಲಿಲ್ಲ. ಕವಿತೆಗೆ ಮರಳಿ ಹೋಗಿ ತಮ್ಮ ಕಣ್ಣಿನಿಂದ ಓದಿದರು. ಅದರಿಂದಲೇ ಅವರ ಬರಹ ನಮಗೆ ಬೇಕಾಗಿದೆ.

ಕವಿಯ ಅರ್ಥಕ್ಕೆ ಬೆಲೆ ಕಟ್ಟುವ ಇನ್ನೊಂದು ಸಂದರ್ಭವೂ ಬೇಂದ್ರೆಯವರ ಬಾಳಿನಲ್ಲಿಯೇ ಇದೆ. ಅದು ಬಹಳ ಕಹಿಯಾದದ್ದು. 1932ರಲ್ಲಿ ಪ್ರಕಟವಾದ ‘ಗರಿ’ ಸಂಕಲನದ ‘ನರಬಲಿ’ ಕವಿತೆಯಲ್ಲಿ ಅಂದಿನ ಸರಕಾರಕ್ಕೆ ರಾಜದ್ರೋಹ ಕಾಣಿಸಿತು. ಕವಿಯನ್ನು ಬೆಳಗಾವಿಯ ಹಿಂಡಲಗಿ ಸೆರೆಮನೆಯಲ್ಲಿಟ್ಟರು; ಅನಂತರ ಧಾರವಾಡದ ಹತ್ತಿರದ ಮುಗದದಲ್ಲಿ ನಿರ್ಬಂಧದಲ್ಲಿಟ್ಟರು. ಇಲ್ಲಿ ಅರ್ಥ ಹೇಳಿದವರು ವಿಮರ್ಶಕರಲ್ಲ, ಅಧಿಕಾರಿಗಳು. ಕವಿತೆಗೆ ಒಂದೇ ಅರ್ಥವುಂಟೆಂದೂ ಅದು ತಮಗೆ ಗೊತ್ತೆಂದೂ ಅವರು ಹೇಳಿದರು. ಆಳುವವರಿಗೆ ಯಾವಾಗಲೂ ಒಂದೇ ಅರ್ಥ ಬೇಕು; ಎರಡು ಅರ್ಥಗಳುಳ್ಳ ಮಾತಿಗೆ ಶಿಕ್ಷೆ ವಿಧಿಸುವುದು ಕಷ್ಟ. ಕವಿಗೆ ‘ನಿನ್ನ ಕವಿತೆಯ ಅರ್ಥವೇನು?’ ಎಂದು ಕೇಳುವ ಪ್ರಶ್ನೆ ಎಲ್ಲ ಕಾಲದಲ್ಲೂ ಮುಗ್ಧವಾದದ್ದಲ್ಲವೆಂಬುದನ್ನು ನಾವು ನೆನಪಿಡಬೇಕು. ಅದು ಸಾರಥಿಯ ಬಾಯಲ್ಲಿ ಒಂದು ಪ್ರಶ್ನೆ, ಫೌಜದಾರನ ಬಾಯಲ್ಲಿ ಇನ್ನೊಂದು. ಇಂದು ಗುಂಪು ಕಟ್ಟಿಕೊಂಡು ಬಂದು ಲೇಖಕನಿಂದ ಸಮಜಾಯಿಷಿ ಕೇಳುವವರ ಬಾಯಲ್ಲಿ ಅದು ಈ ಎರಡನೆಯ ಬಗೆಯದು. ಅಂಥ ಹೊತ್ತಿನಲ್ಲಿ ಕವಿ ಸುಮ್ಮನಿದ್ದರೆ ಅದು ಅಹಂಕಾರವಲ್ಲ.

ಪಶ್ಚಿಮದಲ್ಲಿಯೂ ಇದರ ಹಲವು ಕಥೆಗಳಿವೆ. ಟಿ. ಎಸ್. ಎಲಿಯಟ್ ಕವಿಯು 1922ರ ‘ದಿ ವೇಸ್ಟ್ ಲ್ಯಾಂಡ್’ ಪುಸ್ತಕವಾಗಿ ಬಂದಾಗ ಅದಕ್ಕೆ ತಾನೇ ಟಿಪ್ಪಣಿ ಬರೆದನು. ಕವಿತೆ ಪುಸ್ತಕಕ್ಕೆ ಸಾಲದಷ್ಟು ಚಿಕ್ಕದಾದ್ದರಿಂದ ಪುಟ ತುಂಬಿಸಲು ಆ ಟಿಪ್ಪಣಿಗಳು ಬೆಳೆದವೆಂದು 1956ರ ಒಂದು ಉಪನ್ಯಾಸದಲ್ಲಿ ಅವನೇ ನಕ್ಕು ಹೇಳಿ, ಅವುಗಳಿಂದ ಓದುಗರು ದಾರಿ ತಪ್ಪಿದರೆಂದು ಹಳಹಳಿಸಿದನು. ಅಷ್ಟರಲ್ಲಿ ಮೂವತ್ತನಾಲ್ಕು ವರ್ಷ ಕಳೆದಿದ್ದವು. ಕವಿತೆಯನ್ನು ಬಿಟ್ಟು ಟಿಪ್ಪಣಿಯನ್ನೇ ಓದಿ ಪರೀಕ್ಷೆ ಪಾಸಾದವರು ಲೆಕ್ಕವಿಲ್ಲ. ಇದಕ್ಕೆ ಪ್ರತಿಯಾಗಿ ಅಮೇರಿಕದ ವಿಮ್ಸಾಟ್ ಮತ್ತು ಬಿಯರ್ಡ್‌ಸ್ಲಿ ಎಂಬ ಇಬ್ಬರು ವಿದ್ವಾಂಸರು 1946ರಲ್ಲಿ, ಕವಿಯ ಉದ್ದೇಶವನ್ನು ಕೃತಿಯ ಬೆಲೆಗೆ ಅಳತೆಗೋಲಾಗಿ ಬಳಸುವುದೇ ಒಂದು ಹುಸಿ ತರ್ಕವೆಂದು ವಾದಿಸಿದರು. ನಮ್ಮ ನವ್ಯ ವಿಮರ್ಶೆಯ ಕಾಲದಲ್ಲಿ ಈ ಮಾತು ಕನ್ನಡದಲ್ಲಿಯೂ ಬಹಳ ನಡೆಯಿತು. ಒಂದು ಅತಿಯಿಂದ ಬಿಡಿಸಿಕೊಳ್ಳಲು ಇನ್ನೊಂದು ಅತಿಯ ಆಸರೆ ಹಿಡಿದಂತಾಯಿತು. ಕವಿಯ ಮಾತೇ ವೇದವೆಂಬುದು ಎಷ್ಟು ತಪ್ಪೋ, ಕವಿಯ ಮಾತಿಗೆ ಕವಡೆಯ ಬೆಲೆಯೂ ಇಲ್ಲವೆಂಬುದೂ ಅಷ್ಟೇ ತಪ್ಪು.

ಹಾಗಾದರೆ ನಡುವಿನ ದಾರಿ ಯಾವುದು? ರಾಮದುರ್ಗ, ಸುರೇಬಾನಗಳ ನೇಕಾರರನ್ನು ಕಂಡವರಿಗೆ ಇದು ಬೇಗ ತಿಳಿದೀತು. ಸೀರೆಯ ಹಾಸಿನಲ್ಲಿ ಎಷ್ಟು ಎಳೆ, ಹೊಕ್ಕಿನ ನೂಲು ಎಂಥದು, ಬಣ್ಣ ನಿಲ್ಲುವುದೋ ಇಲ್ಲವೋ, ಇವನ್ನು ನೇಕಾರನಷ್ಟು ನಿಶ್ಚಯವಾಗಿ ಹೇಳಬಲ್ಲವರಿಲ್ಲ. ಈ ಸೀರೆಯನ್ನು ಯಾರಿಗಾಗಿ ನೇಯ್ದೆ ಎಂಬುದನ್ನೂ ಅವನು ಹೇಳಿಯಾನು. ಕೇಳಿ ನಂಬಬಹುದು, ನಂಬದಿರಲೂಬಹುದು. ಆದರೆ ಉಟ್ಟವಳಿಗೆ ಅದು ಒಪ್ಪಿತೆ ಇಲ್ಲವೆ ಎಂಬುದು ಅವನ ಕೈಮೀರಿದ ಸಂಗತಿ. ಕವಿಯ ವಿವರಣೆಯಲ್ಲಿಯೂ ಹೀಗೆ ಮೂರು ಬಗೆಯ ಮಾತುಗಳು ಬೆರೆತಿರುತ್ತವೆ. ಅವನ್ನು ಬೇರ್ಪಡಿಸಿಕೊಂಡರೆ ಅರ್ಧ ಗೊಂದಲ ಕಳೆಯುತ್ತದೆ.

ಮೊದಲನೆಯದು ಸಂಗತಿಯ ಮಾತು. ಕವಿತೆ ಯಾವಾಗ ಹುಟ್ಟಿತು, ಯಾವ ಊರಿನ ಯಾವ ಬಳಕೆಯ ಶಬ್ದವಿದು, ಯಾವ ಹಾಡಿನ ಮಟ್ಟು ಕಿವಿಯಲ್ಲಿತ್ತು ಎಂಬಂಥವು. ಇಲ್ಲಿ ಕವಿಯ ಮಾತಿಗೆ ಮಿಗಿಲಾದ ಪ್ರಮಾಣ ವಿರಳ, ಕೃತಜ್ಞತೆಯಿಂದ ಸ್ವೀಕರಿಸಬೇಕು. ಬೇಂದ್ರೆಯವರು ತಾವು ಬಳಸಿದ ಧಾರವಾಡದ ನುಡಿಯೊಂದಕ್ಕೆ ಹೇಳಿದ ಅರ್ಥ ಯಾವ ನಿಘಂಟಿನ ಅರ್ಥಕ್ಕಿಂತಲೂ ದೊಡ್ಡದು. ಎರಡನೆಯದು ಉದ್ದೇಶದ ಮಾತು. ನಾನು ಇದನ್ನು ಸೂಚಿಸಲು ಬರೆದೆ, ಈ ಪಾತ್ರ ಇದರ ಸಂಕೇತ ಎಂಬಂಥವು. ಇವು ಸಾಕ್ಷಿಯ ಹೇಳಿಕೆಗಳು. ಸಾಕ್ಷಿ ಎಷ್ಟೇ ಪ್ರಾಮಾಣಿಕನಾಗಿರಲಿ, ಅವನ ಹೇಳಿಕೆಯನ್ನು ಕೃತಿಯ ಜತೆಗೆ ಹೋಲಿಸಿ ನೋಡಲೇಬೇಕು; ‘ಸಂಗ್ಯಾ ಬಾಳ್ಯಾ’ದ ನೀತಿಯನ್ನು ಅದರ ಹಾಡಿನೊಡನೆ ಹೋಲಿಸಿದಂತೆ. ಮೂರನೆಯದು ಬೆಲೆಯ ಮಾತು. ಇದು ಗಹನವಾಗಿದೆ, ಇದು ನನ್ನ ಶ್ರೇಷ್ಠ ಕೃತಿ ಎಂಬಂಥವು. ಇಲ್ಲಿ ಕವಿಗೆ ಮಾತನಾಡುವ ಅಧಿಕಾರವೇ ಇಲ್ಲ. ಇದ್ದರೆ ಎಲ್ಲರಿಗಿಂತ ಕೊನೆಯ ಸಾಲಿನಲ್ಲಿ ಕುಳಿತವನ ಅಧಿಕಾರ.

ಉದ್ದೇಶದ ಮಾತನ್ನು ಕವಿಯೇ ಪೂರ್ತಿ ಬಲ್ಲನೆಂದು ಏಕೆ ಹೇಳಲಾಗದೆಂಬುದಕ್ಕೆ ಸವದತ್ತಿ ಸೀಮೆಯವರೇ ಆದ ಒಬ್ಬ ಹಿರಿಯರು ಕಾರಣ ತೋರಿಸಿಕೊಟ್ಟಿದ್ದಾರೆ. ಶಂ. ಬಾ. ಜೋಶಿಯವರು ಬೇಂದ್ರೆಯವರು ಹುಟ್ಟಿದ 1896ರಲ್ಲಿಯೇ ಗುರ್ಲಹೊಸೂರಿನಲ್ಲಿ ಹುಟ್ಟಿದರು. ‘ಕಣ್ಮರೆಯಾದ ಕನ್ನಡ’ದಿಂದ ಹಿಡಿದು ‘ಕರ್ಣಾಟಕ ಸಂಸ್ಕೃತಿಯ ಪೂರ್ವಪೀಠಿಕೆ’ಯವರೆಗೆ ಅವರು ಊರಿನ ಹೆಸರು, ದೇವರ ಹೆಸರು, ದಿನಬಳಕೆಯ ಮಾತುಗಳನ್ನು ಅಗೆದು ಅಗೆದು, ಆಡುವವನಿಗೆ ತಿಳಿಯದ ನೆನಪುಗಳು ಶಬ್ದದೊಳಗೆ ಹೂತುಕೊಂಡಿರುವುದನ್ನು ತೋರಿಸಿದರು. ಅವರ ಎಲ್ಲ ನಿರ್ಣಯಗಳನ್ನು ಒಪ್ಪಬೇಕೆಂದಿಲ್ಲ. ಆದರೆ ಅವರ ದೃಷ್ಟಿಯಿಂದ ಒಂದು ಪಾಠ ಕಲಿಯಬಹುದು: ಶಬ್ದ ನಮ್ಮ ಆಳಲ್ಲ, ಅದು ನಮಗಿಂತ ಹಿರಿಯದು. ಕವಿ ಒಂದು ಶಬ್ದವನ್ನು ಎತ್ತಿಕೊಂಡಾಗ ಅದರ ಜತೆಗೆ ಅವನು ಕರೆಯದ ಅತಿಥಿಗಳೂ ಕವಿತೆಯ ಒಳಗೆ ಬರುತ್ತಾರೆ. ಅವರ ಗುರುತು ಹಿಡಿಯುವುದು ಒಮ್ಮೊಮ್ಮೆ ಮನೆಯ ಯಜಮಾನನಿಗಿಂತ ನೆರೆಯವನಿಗೆ ಸುಲಭ.

ಒಳ್ಳೆಯ ವಿವರಣೆ ಎಂಥದೆಂಬುದಕ್ಕೂ ನಮ್ಮ ಜಿಲ್ಲೆಯಲ್ಲಿಯೇ ಮಾದರಿಯುಂಟು. ಬೆಳಗಾವಿ ಸಮೀಪದ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಕುಮಾರ ಗಂಧರ್ವರು ಮಾಳವದ ದೇವಾಸದಲ್ಲಿ ನೆಲೆಸಿ, ಅಲ್ಲಿಯ ಹಳ್ಳಿಗರ ಹಾಡುಗಳನ್ನು ಕೇಳಿ, ಅವುಗಳ ಧುನ್‌ಗಳಿಂದ ಹೊಸ ರಾಗಗಳನ್ನು ಕಂಡುಕೊಂಡರು. 1965ರ ‘ಅನೂಪರಾಗವಿಲಾಸ’ದಲ್ಲಿ ಅವನ್ನು ಬರೆದಿಟ್ಟರು. ತಮ್ಮ ರಾಗ ಹುಟ್ಟಿದ ಬಗೆಯನ್ನು ಹೇಳುವಾಗ ಅವರು ಕೇಳುವವನನ್ನು ಆ ಮೂಲದ ಹಾಡಿನ ಬಳಿಗೆ ಕರೆದೊಯ್ಯುತ್ತಾರೆ; ‘ಇದರ ಭಾವ ಇದು, ಹೀಗೆಯೇ ಅನುಭವಿಸು’ ಎಂದು ಗೆರೆ ಎಳೆಯುವುದಿಲ್ಲ. ಕೇಳಿದವನ ಕಿವಿ ಮೊದಲಿಗಿಂತ ಹೆಚ್ಚು ತೆರೆಯುತ್ತದೆ, ಆದರೆ ಅದು ಅವನ ಕಿವಿಯಾಗಿಯೇ ಉಳಿಯುತ್ತದೆ. ಇದೇ ಪರೀಕ್ಷೆ. ವಿವರಣೆ ಕೇಳಿದ ಮೇಲೆ ಕೃತಿಯನ್ನು ಇನ್ನೊಮ್ಮೆ ನೋಡಬೇಕೆನಿಸಿದರೆ ಅದು ಒಳ್ಳೆಯದು. ಇನ್ನು ನೋಡುವುದೇನಿದೆ ಎನಿಸಿದರೆ ಆ ವಿವರಣೆ ಕೃತಿಯನ್ನು ಕೊಂದಿತು. ತಮ್ಮ ಪದಗಳಿಗೆ ಅರ್ಥ ಹೇಳದೆ ಹೋದ ಶಿಶುನಾಳ ಶರೀಫರನ್ನು ಭಜನೆಯ ಮೇಳಗಳು ಇಂದಿಗೂ ಬಿಡಿಸುತ್ತ ಕುಳಿತಿವೆ. ಶರೀಫರೇ ಕೊನೆಯ ಅರ್ಥವನ್ನು ಬರೆದಿಟ್ಟಿದ್ದರೆ ಆ ಮೇಳಗಳಿಗೆ ರಾತ್ರಿಯೇ ಉಳಿಯುತ್ತಿರಲಿಲ್ಲ.

ಆದರೆ ಇಷ್ಟಕ್ಕೇ ನಿಲ್ಲಿಸಿದರೆ ನ್ಯಾಯವಾಗದು. ಸವದತ್ತಿಯ ಎಲ್ಲಮ್ಮನ ಗುಡ್ಡದಲ್ಲಿ ಚೌಡಕಿ ಹಿಡಿದು ಹಾಡುವ ಜೋಗತಿಯರ, ಜೋಗಪ್ಪಗಳ ಮಾತನ್ನು ಇಲ್ಲಿ ಎತ್ತಲೇಬೇಕು. ಅವರ ಹಾಡಿಗೆ, ಅವರ ಬಾಳಿಗೆ ಅರ್ಥ ಹೇಳಿದವರು ತೀರ ಈಚಿನವರೆಗೆ ಹೊರಗಿನವರೇ. ಭಕ್ತರು ಒಂದು ಅರ್ಥ ಹೇಳಿದರು, ಸುಧಾರಕರು ಒಂದು, ಸಂಶೋಧಕರು ಒಂದು. ದೇವದಾಸಿ ಪದ್ಧತಿಯನ್ನು ನಿಷೇಧಿಸಿದ 1982ರ ಕಾಯಿದೆ ಬೇಕಾದ ಕಾಯಿದೆಯೇ. ಅನ್ಯಾಯವನ್ನು ಅನ್ಯಾಯವೆಂದು ಕರೆಯಲೇಬೇಕು. ಆದರೆ ಆ ಗದ್ದಲದಲ್ಲಿ ಹಾಡುವವರು ಹಾಡುಗಾರರೆಂಬುದೇ ಮರೆತುಹೋಯಿತು. ಬಳ್ಳಾರಿ ಕಡೆಯ ಮಂಜಮ್ಮ ಜೋಗತಿಯವರು ಎಲ್ಲಮ್ಮನ ಕಥೆಯನ್ನು ರಂಗಕ್ಕೆ ತಂದರು. ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀ ಗೌರವ ಪಡೆದರು. ತಮ್ಮ ಕಲೆ ಯಾವುದು, ತಾವು ಯಾರು ಎಂಬುದನ್ನು ಅವರು ತಮ್ಮ ಬಾಯಿಂದಲೇ ನಾಡಿಗೆ ಹೇಳಿದಾಗ, ಅದು ಪೇಟೆಯ ಕವಿಯೊಬ್ಬನು ತನ್ನ ಸಂಕಲನಕ್ಕೆ ಹೇಳುವ ಪೀಠಿಕೆಯಂಥ ಮಾತಾಗಿರಲಿಲ್ಲ. ಬಹುಕಾಲ ಇತರರು ಆಡಿದ ಮಾತಿಗೆ ಅದು ಉತ್ತರವಾಗಿತ್ತು.

ಆದ್ದರಿಂದ ವಿವರಣೆಯ ಹಕ್ಕು ಎಲ್ಲರಿಗೂ ಒಂದೇ ತೂಕದ್ದಲ್ಲ. ಯಾರ ಪರವಾಗಿ ಇನ್ನೊಬ್ಬರೇ ಸದಾ ಮಾತನಾಡಿದ್ದಾರೋ ಅವರ ಸ್ವಂತ ಮಾತನ್ನು ಮೊದಲು ಕೇಳಬೇಕು, ಮಧ್ಯೆ ಬಾಯಿ ಹಾಕದೆ ಕೇಳಬೇಕು. ಆದರೆ ಅಲ್ಲಿಯೂ ಇನ್ನೊಂದು ಕರ್ತವ್ಯ ನಮಗೆ ಉಳಿಯುತ್ತದೆ: ಮಾತನ್ನು ಕೇಳಿ, ಮರುಗಿ, ಚಪ್ಪಾಳೆ ತಟ್ಟಿ, ಹಾಡು ಶುರುವಾಗುವ ಹೊತ್ತಿಗೆ ಎದ್ದು ಹೋಗಬಾರದು. ಬಾಳಿನ ಕಥೆಯನ್ನು ಕೇಳಿ ಹಾಡನ್ನು ಕೇಳದೆ ಬಂದವರು ಕಲಾವಿದೆಗೆ ಮಾಡಿದ್ದು ಅರ್ಧ ಮರ್ಯಾದೆ. ಚೌಡಕಿಯ ಆ ಒಂದೇ ತಂತಿ ಏರುತ್ತ ಇಳಿಯುತ್ತ ನುಡಿಯುವ ರೀತಿಯನ್ನು ಯಾವ ಸಂದರ್ಶನವೂ ಹೇಳಿಮುಗಿಸಲಾರದು.

ಈ ಎಲ್ಲದರ ಬಿಸಿ ಕೊನೆಗೆ ತಗಲುವುದು ನಮ್ಮ ಹುಡುಗರಿಗೆ. ಪ್ರಶ್ನಪತ್ರಿಕೆಯಲ್ಲಿ ‘ಕವಿಯ ಆಶಯವನ್ನು ವಿವರಿಸಿರಿ’ ಎಂಬ ಪ್ರಶ್ನೆ ವರ್ಷವರ್ಷವೂ ಬರುತ್ತದೆ. ಹುಡುಗನು ಕವಿತೆಯನ್ನು ಬದಿಗಿಟ್ಟು ಆಶಯವನ್ನು ಗೈಡಿನಿಂದ ಬಾಯಿಪಾಠ ಮಾಡುತ್ತಾನೆ; ಈಗೀಗ ಕವಿಯ ಸಂದರ್ಶನದಿಂದಲೇ ಎತ್ತಿಕೊಳ್ಳುತ್ತಾನೆ. ನಿನಗೆ ಈ ಕವಿತೆಯಲ್ಲಿ ಏನು ಕಂಡಿತಪ್ಪಾ ಎಂದು ತರಗತಿಯಲ್ಲಿ ಕೇಳಿದರೆ, ಸರಿಯಾದ ಅರ್ಥ ನೀವೇ ಹೇಳಿ ಬರೆಸಿಬಿಡಿರಿ ಸರ್ ಎನ್ನುತ್ತಾನೆ. ಅವನ ತಪ್ಪಲ್ಲ ಅದು. ಅರ್ಥವೆಂಬುದು ಎಲ್ಲಿಯೋ ಒಬ್ಬರ ಕಿಸೆಯಲ್ಲಿದೆ, ಅವರು ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ ಎಂದು ನಾವು ಅವನಿಗೆ ಕಲಿಸಿದ್ದೇವೆ. ಹೀಗೆ ಬೆ1ಳೆದವನು ನಾಳೆ ಕವಿತೆಯ ಅರ್ಥವನ್ನಷ್ಟೇ ಅಲ್ಲ, ಉಳಿದ ಎಲ್ಲ ಮಾತುಗಳ ಅರ್ಥವನ್ನೂ ದೊಡ್ಡವರ ಬಾಯಿಂದಲೇ ಕೇಳಿ ಒಪ್ಪಿಕೊಳ್ಳುವನು. ಅದು ಸಾಹಿತ್ಯಕ್ಕೆ ಮಾತ್ರ ಸಂಬಂಧಿಸಿದ ನಷ್ಟವಲ್ಲ.

ಇದಕ್ಕೆ ದೊಡ್ಡ ಸುಧಾರಣೆ ಬೇಕಿಲ್ಲ. ನಮ್ಮ ಸಭೆಗಳ ಕ್ರಮವನ್ನು ಸ್ವಲ್ಪ ತಿರುಗಿಸಿದರೆ ಸಾಕು. ಕವಿ ಮೊದಲು ಕವಿತೆಯನ್ನು ಓದಲಿ, ಪೀಠಿಕೆಯಿಲ್ಲದೆ ಓದಲಿ. ಬೇಕಾದರೆ ಎರಡು ಸಲ ಓದಲಿ. ಆಮೇಲೆ ಕೇಳಿದವರಲ್ಲಿ ನಾಲ್ವರು ತಮಗೆ ಕಂಡದ್ದನ್ನು ಹೇಳಲಿ. ಅವರ ಮಾತಿನಿಂದ ಪ್ರಶ್ನೆ ಹುಟ್ಟಿದರೆ ಕವಿ ಎದ್ದು ನಿಂತು ಉತ್ತರ ಕೊಡಲಿ. ಪ್ರಶ್ನೆ ಹುಟ್ಟದಿದ್ದರೆ ನಮಸ್ಕಾರ ಹೇಳಿ ಕುಳಿತುಕೊಳ್ಳಲಿ. ಬಯಲಾಟದವರು ಇಷ್ಟನ್ನು ಯಾವ ಶಾಸ್ತ್ರವನ್ನೂ ಓದದೆ ಬಲ್ಲವರಾಗಿದ್ದರು.